ಸಾಲು ಸರಿಮಾಡುವ ಪುಟ್ಟ ಪ್ರೋಗ್ರಾಂ ಪುಕ್ಕಟೆಯಾಗಿ ಹರಡಿದ್ದು ಹೇಗೆ?

1977ರಲ್ಲಿ ಬಂದ ಆಪಲ್ 2 ಕಂಪ್ಯೂಟರಿನ ತೆರೆಯ ಮೇಲೆ ಒಂದು ಸಾಲಿಗೆ 40 ಅಕ್ಷರ ಹಿಡಿಸುತ್ತಿತ್ತು. ಅದೂ ಎಲ್ಲ ಕ್ಯಾಪಿಟಲ್. ಇಂಗ್ಲಿಷಿನ ಸಣ್ಣ ಅಕ್ಷರಗಳೇ ಅದರಲ್ಲಿ ಇರಲಿಲ್ಲ. ಪ್ರಿಂಟರ್ ಮಾತ್ರ ಒಂದು ಸಾಲಿಗೆ 80 ಅಕ್ಷರ ಹೊಡೆಯುತ್ತಿತ್ತು. ಕಾಗದದ ಮೇಲೆ ಬರುವುದನ್ನು ಹಾಗೇ ತೆರೆಯ ಮೇಲೆ ತೋರಿಸು ಅಂದರೆ ಎಲ್ಲಿಂದ ತೋರಿಸೋದು?

ಅದಕ್ಕೆ ಕೆಲಸವನ್ನು ಎರಡು ಮಾಡಿಕೊಂಡರು. ಒಂದು ಎಡಿಟರ್. ಅದರಲ್ಲಿ ಸುಮ್ನೆ ಟೈಪ್ ಮಾಡುತ್ತಾ ಹೋಗುವುದು. ಸಾಲು ಉದ್ದವಾಯಿತೋ ಗಿಡ್ಡವಾಯಿತೋ ತಲೆ ಕೆಡಿಸಿಕೊಳ್ಳುವಂತಿಲ್ಲ. ಇನ್ನೊಂದು ಫಾರ್ಮ್ಯಾಟರ್. ಅದು ಆ ಫೈಲನ್ನು ಓದಿ, ಅಂಚು ಕೂಡಿಸಿ, ಪುಟ ಮಾಡಿ, ಪ್ರಿಂಟರಿಗೆ ಕಳಿಸುತ್ತಿತ್ತು. ಏನು ಮಾಡಬೇಕೆಂದು ಅದಕ್ಕೆ ಹೇಳುವುದು ಹೇಗೆ? ಸಾಲಿನ ಮೊದಲಿಗೇ ಒಂದು ಚುಕ್ಕಿ, ಅದಾದ ಮೇಲೆ ಎರಡು ಅಕ್ಷರ. ‘.ಸಿಇ’ ಅಂದರೆ ಮುಂದಿನ ಸಾಲು ಮಧ್ಯಕ್ಕೆ. ‘.ಎಸ್‌ಪಿ 2’ ಅಂದರೆ ಎರಡು ಸಾಲು ಖಾಲಿ. ‘.ಬಿಪಿ’ ಅಂದರೆ ಹೊಸ ಪುಟ. ಮಾಮೂಲಿ ಬರವಣಿಗೆಯಲ್ಲಿ ಯಾರೂ ಸಾಲನ್ನು ಚುಕ್ಕಿಯಿಂದ ಶುರು ಮಾಡುವುದಿಲ್ಲ, ಅಲ್ವಾ? ಹಾಗಾಗಿ ಗೊಂದಲ ಇರಲಿಲ್ಲ.

ಈ ಚುಕ್ಕಿಯ ಜಾಡು ಹಿಡಿದು ಹೋದರೆ 1964ಕ್ಕೆ, ಅಮೆರಿಕದ ಎಂಐಟಿಗೆ ತಲುಪುತ್ತೇವೆ. ಅಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ಜೆರೋಮ್ ಸಾಲ್ಟ್ಜರ್‌ಗೆ ತನ್ನ ಸಂಶೋಧನೆಯ ಪ್ರಸ್ತಾವ ಬರೆಯಬೇಕಿತ್ತು. ಅದಕ್ಕಾಗಿ ಎರಡು ಪ್ರೋಗ್ರಾಂ ಮಾಡಿಕೊಂಡರು. ಟೈಪ್ ಮಾಡಲು ‘ಟೈಪ್‌ಸೆಟ್’, ಅಚ್ಚು ತೆಗೆಯಲು ‘ರನ್‌ಆಫ್’. ಕೋಣೆ ತುಂಬುವ ಐಬಿಎಂ 7094 ಯಂತ್ರದ ಮೇಲೆ ಅವು ಓಡಿದವು. ಮುಂದೆ ಬೆಲ್ ಲ್ಯಾಬ್ಸ್‌ನಲ್ಲಿ ಇದೇ ಕಲ್ಪನೆ ‘ರಾಫ್’ ಆಯಿತು. ಅಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದವರಿಗೆ 1971ರ ಸುಮಾರಿಗೆ ಹೊಸ ಯಂತ್ರದ ಮೇಲೆ ಕೆಲಸ ಮುಂದುವರಿಸಲು ಒಂದು ನೆಪ ಬೇಕಿತ್ತು. ಕಂಪನಿಯ ಪೇಟೆಂಟ್ ವಿಭಾಗದ ಅರ್ಜಿಗಳನ್ನು ಟೈಪ್ ಮಾಡಿ ಸಿದ್ಧಪಡಿಸುವ ಕೆಲಸ ಅವರ ಕೈ ಹಿಡಿಯಿತು. ಯೂನಿಕ್ಸ್‌ಗೆ ಮೊದಲು ಅನ್ನ ಹಾಕಿದ್ದೇ ಫಾರ್ಮ್ಯಾಟರ್ ಅಂದರೂ ತಪ್ಪಿಲ್ಲ.

ಇದೆಲ್ಲ ದೊಡ್ಡವರ ಯಂತ್ರಗಳ ಮಾತು. ಮನೆ ಕಂಪ್ಯೂಟರಿಗೆ ಇದು ಇಳಿದದ್ದರಲ್ಲಿ ಒಂದು ಪುಸ್ತಕದ ಪಾತ್ರ ದೊಡ್ಡದು ಎಂದು ನನ್ನ ಅಭಿಪ್ರಾಯ. ಬ್ರಯಾನ್ ಕರ್ನಿಗನ್ ಮತ್ತು ಪಿ.ಜೆ. ಪ್ಲೌಗರ್ 1976ರಲ್ಲಿ ‘ಸಾಫ್ಟ್‌ವೇರ್ ಟೂಲ್ಸ್’ ಬರೆದರು. ಅದರ ಒಂದು ಅಧ್ಯಾಯದಲ್ಲಿ ರಾಫ್ ಮಾದರಿಯ ಪುಟ್ಟ ಫಾರ್ಮ್ಯಾಟರಿನ ಇಡೀ ಕೋಡ್ ಅಚ್ಚಾಗಿತ್ತು. ಕೆಲವು ನೂರು ಸಾಲು, ಅಷ್ಟೇ. 1981ರಲ್ಲಿ ಅದೇ ಪುಸ್ತಕದ, ಪಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿಯೂ ಬಂತು.

ಅದರ ಒಳಗುಟ್ಟು ಸರಳ. ಪ್ರೋಗ್ರಾಂ ಒಂದೊಂದೇ ಪದ ಓದಿ ಸಾಲಿಗೆ ಸೇರಿಸುತ್ತದೆ. ಮುಂದಿನ ಪದ ಹಿಡಿಸುವುದಿಲ್ಲ ಅಂತಾದಾಗ ಆ ಸಾಲನ್ನು ಹೊರಗೆ ಹಾಕುತ್ತದೆ. ಸಾಲಿಗೆ 60 ಅಕ್ಷರ ಅಂದುಕೊಳ್ಳಿ. ಹತ್ತು ಪದ ಸೇರಿ 55 ಆಯಿತು. ಉಳಿದ 5 ಜಾಗವನ್ನು ಪದಗಳ ನಡುವಿನ 9 ಸಂದುಗಳಲ್ಲಿ ಹಂಚಬೇಕು. ಯಾವಾಗಲೂ ಎಡಗಡೆಯಿಂದಲೇ ಹಂಚಿದರೆ ಪುಟದ ಎಡಭಾಗ ಮಾತ್ರ ತೂತು ತೂತಾಗಿ ಕಾಣುತ್ತದೆ. ಅದಕ್ಕೆ ಒಂದು ಸಲ ಎಡದಿಂದ, ಮುಂದಿನ ಸಲ ಬಲದಿಂದ. ಈ ಚಿಕ್ಕ ಉಪಾಯ ನನಗೆ ಬಹಳ ಇಷ್ಟ. (ಕನ್ನಡಕ್ಕೆ ಈ ಲೆಕ್ಕ ನಡೆಯುವುದಿಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಯೂನಿಕೋಡ್‌ನಲ್ಲಿ ಆರು ಸಂಕೇತ. ಹಳೇ ಫಾರ್ಮ್ಯಾಟರ್ ಆರು ಜಾಗ ಅಂತಲೇ ಎಣಿಸೀತು.)

ಗಮನಿಸಿ, ಪ್ರೋಗ್ರಾಂ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕಾದ್ದು ಹೆಚ್ಚುಕಡಿಮೆ ಒಂದು ಸಾಲು. ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ ಓಡುತ್ತಿದ್ದ, 8080, ಝಡ್80 ಚಿಪ್ಪಿನ ಯಂತ್ರಗಳಿಗೆ ಹೆಚ್ಚೆಂದರೆ 64 ಕಿಲೋಬೈಟ್ ಮೆಮೊರಿ. ಫೈಲ್ ಎಷ್ಟೇ ಉದ್ದ ಇದ್ದರೂ ಫಾರ್ಮ್ಯಾಟರಿಗೆ ಚಿಂತೆಯಿಲ್ಲ.

ಕೋಡ್ ಓದಿದ ಹವ್ಯಾಸಿಗಳು ತಮ್ಮ ಯಂತ್ರಕ್ಕೆ ತಕ್ಕ ಹಾಗೆ ಸಿ, ಪಾಸ್ಕಲ್‌ಗಳಲ್ಲಿ ತಮ್ಮದೇ ‘ರಾಫ್’ ಬರೆದುಕೊಂಡರು. ಬರೆದದ್ದನ್ನು ಸಿಪಿ/ಎಂ ಬಳಕೆದಾರರ ಗುಂಪುಗಳ ಮೂಲಕ, ನ್ಯೂಜೆರ್ಸಿಯ ಸಿಗ್/ಎಂನಂಥ ಕೂಟಗಳ ಮೂಲಕ ಹಂಚಿದರು. ಎಂಟು ಇಂಚಿನ ಫ್ಲಾಪಿಯಲ್ಲಿ ಸುಮಾರು 250 ಕಿಲೋಬೈಟ್ ಜಾಗ. ಪ್ರೋಗ್ರಾಂ, ಅದರ ಸೋರ್ಸ್ ಕೋಡ್, ಕೈಪಿಡಿ ಎಲ್ಲ ಅದರಲ್ಲೇ. ಹಾಗೆಂದು ಆ ಕಾಲದವರೆಲ್ಲ ಪುಕ್ಕಟೆ ಹಂಚಿಕೆಯನ್ನು ಮೆಚ್ಚಿದ್ದರು ಅಂತಲ್ಲ. ಬಿಲ್ ಗೇಟ್ಸ್ ತಮ್ಮ ‘ಬೇಸಿಕ್’ ಸಾಫ್ಟ್‌ವೇರನ್ನು ನಕಲು ಮಾಡುತ್ತಿದ್ದ ಹವ್ಯಾಸಿಗಳ ಮೇಲೆ ಸಿಟ್ಟಾಗಿ ಬಹಿರಂಗ ಪತ್ರ ಬರೆದದ್ದು 1976ರಲ್ಲೇ.

1979ರಲ್ಲಿ ವರ್ಡ್‌ಸ್ಟಾರ್ ಎಂಬ ಬರವಣಿಗೆಯ ಪ್ರೋಗ್ರಾಂ ಬಂತು. ಸಾಲು ಎಲ್ಲಿ ಮುರಿಯುತ್ತದೆ, ಪುಟ ಎಲ್ಲಿ ಮುಗಿಯುತ್ತದೆ ಎಂಬುದನ್ನು ತೆರೆಯ ಮೇಲೇ ತೋರಿಸಿತು. ಬೆಲೆ 495 ಡಾಲರ್. ದುಡ್ಡಿದ್ದವರಿಗೆ ಫಾರ್ಮ್ಯಾಟರ್ ಬೇಡವಾಯಿತು. ಇಲ್ಲದವರು ಪುಕ್ಕಟೆ ರಾಫ್ ಜೊತೆಗೇ ಉಳಿದರು. ತಮಾಷೆ ಏನೆಂದರೆ, ವರ್ಡ್‌ಸ್ಟಾರ್ ಕೂಡ ಚುಕ್ಕಿಯನ್ನು ಬಿಡಲಿಲ್ಲ. ಹೊಸ ಪುಟಕ್ಕೆ ‘.ಪಿಎ’, ಪುಟಸಂಖ್ಯೆ ಬೇಡ ಅನ್ನಲು ‘.ಒಪಿ’. ತೊಂಬತ್ತರ ದಶಕದ ಮೊದಲಲ್ಲಿ ನಮ್ಮೂರುಗಳ ಕಂಪ್ಯೂಟರ್ ಕ್ಲಾಸಿನಲ್ಲಿ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಕಲಿತವರಿಗೆ ಇದು ನೆನಪಿದ್ದೀತು.

ಐಬಿಎಂ ಪಿಸಿಯ ಕಾಲಕ್ಕೆ, 1983ರಲ್ಲಿ, ಮೈಕ್ರೋಸಾಫ್ಟ್ ಬಿಟ್ಟು ಬಂದ ಬಾಬ್ ವಾಲೇಸ್ ‘ಪಿಸಿ-ರೈಟ್’ ಎಂಬ ಬರವಣಿಗೆಯ ಪ್ರೋಗ್ರಾಂ ಹೊರತಂದರು. ಫ್ಲಾಪಿಗೆ 10 ಡಾಲರ್. ಯಾರಿಗೆ ಬೇಕಾದರೂ ನಕಲು ಮಾಡಿ ಕೊಡಿ ಅಂದರು. ಇಷ್ಟವಾದರೆ 75 ಡಾಲರ್ ಕಟ್ಟಿ ನೋಂದಾಯಿಸಿಕೊಳ್ಳಬಹುದು. ನೀವು ಕೊಟ್ಟ ನಕಲಿನಿಂದ ಇನ್ನೊಬ್ಬರು ನೋಂದಾಯಿಸಿದರೆ ನಿಮಗೇ 25 ಡಾಲರ್ ಕಮಿಷನ್! ಅದರಲ್ಲೂ ಸಾಲ್ಟ್ಜರ್ ಮಾಡಿದಂತೆ ಬರೆಯಲು ಒಂದು ಪ್ರೋಗ್ರಾಂ, ಅಚ್ಚಿಗೆ ಇನ್ನೊಂದು. ನಡುವೆ ಅದೇ ಚುಕ್ಕಿ ಸಾಲುಗಳು.

ಲಿನಕ್ಸ್ ಬಳಸುವವರು ಈಗಲೂ ‘ಮ್ಯಾನ್’ ಅಂತ ಟೈಪ್ ಮಾಡಿ ಯಾವುದಾದರೂ ಕಮಾಂಡಿನ ವಿವರ ತೆಗೆದರೆ ತೆರೆ ಹಿಂದೆ ಕೆಲಸ ಮಾಡುವುದು ಸಾಮಾನ್ಯವಾಗಿ ಜೇಮ್ಸ್ ಕ್ಲಾರ್ಕ್ 1990ರಲ್ಲಿ ಬಿಟ್ಟ ಉಚಿತ ರಾಫ್, ಅಂದರೆ ‘ಜಿ-ರಾಫ್’. ಆ ಫೈಲನ್ನು ಎಡಿಟರಿನಲ್ಲಿ ತೆರೆದು ನೋಡಿ. ಸಾಮಾನ್ಯವಾಗಿ ಪ್ರತಿ ಶೀರ್ಷಿಕೆಯ ಮೊದಲು ‘.ಎಸ್‌ಎಚ್’ ಅಂತ ಇರುತ್ತದೆ.