ಎಕ್ಸ್‌ರೇ ಸರಿಯಿದೆ, ಆದರೂ ಕೈ ಏಳುತ್ತಿಲ್ಲ

ಕಾಳುಮೆಣಸಿನ ಕೊಯ್ಲು ಶುರುವಾದರೆ ನಮ್ಮ ಒಪಿಡಿಯಲ್ಲಿ ಭುಜದ ನೋವಿನವರು ಜಾಸ್ತಿಯಾಗುತ್ತಾರೆ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿ ಜಾರುತ್ತದೆ. ಕೆಲವರು ಭುಜದ ಮೇಲೇ ಬೀಳುತ್ತಾರೆ. ಕೆಲವರು ಬೀಳದೆ ಕೊಂಬೆ ಹಿಡಿದು ಜೋತಾಡುತ್ತಾರೆ, ಆ ಒಂದೇ ಎಳೆತಕ್ಕೆ ಒಳಗೆ ಹರಿದಿರುತ್ತದೆ. ಏಪ್ರಿಲ್, ಮೇ ಬಂತೆಂದರೆ ಮರ ಕಪಾತು, ಅಂದರೆ ಕೊಂಬೆ ಕಡಿಯುವ ಕೆಲಸ, ಜೊತೆಗೆ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಶುರುವಾದ ಈ ಹಬ್ಬದಲ್ಲಿ ಅಜ್ಜ, ಮೊಮ್ಮಗ ಒಂದೇ ತಂಡದಲ್ಲಿ ಆಡುವುದುಂಟು. ಮೊಮ್ಮಗ ಬಿದ್ದು ಎದ್ದು ಓಡುತ್ತಾನೆ, ಅಜ್ಜನ ಭುಜ ಅಷ್ಟು ಸುಲಭದಲ್ಲಿ ಬಿಡುವುದಿಲ್ಲ.

ಇವರೆಲ್ಲ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. "ಮೂಳೆ ಮುರಿದಿಲ್ಲ ಅಂದ್ರು ಸಾರ್. ಎಣ್ಣೆ ಹಾಕಿ ತಿಕ್ಕಿಸಿದೆ. ಆದ್ರೂ ಕೈ ಮೇಲೆ ಹೋಗ್ತಿಲ್ಲ." ಅಷ್ಟರಲ್ಲಿ ಬಿದ್ದು ಒಂದೆರಡು ತಿಂಗಳಾಗಿರುತ್ತದೆ. ನನಗೆ ಸಂಕಟವಾಗುವುದು ಇಲ್ಲೇ.

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ. ಮುರಿದಿದ್ದರೆ, ಕೀಲು ತಪ್ಪಿದ್ದರೆ, ಸುಣ್ಣದ ಅಂಶ ಕಟ್ಟಿದ್ದರೆ ಗೊತ್ತಾಗುತ್ತದೆ. ಆದರೆ ತೋಳನ್ನು ಎತ್ತಿ ತಿರುಗಿಸುವ ನಾಲ್ಕು ಸ್ನಾಯುಗಳ ಟೆಂಡನ್‌ಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿಗಳು, ಅದರಲ್ಲಿ ಕಾಣುವುದಿಲ್ಲ. ಈ ನಾಲ್ಕರಲ್ಲಿ ಮೇಲಿನದು, ಸುಪ್ರಾಸ್ಪೈನೇಟಸ್, ಹರಿಯುವುದು ಜಾಸ್ತಿ. ಅದನ್ನು ನೋಡಲು ಎಂಆರ್‌ಐ ಬೇಕು ಅಂದರೆ ನಮ್ಮಲ್ಲಿ ಅನೇಕರು ಮೈಸೂರಿಗೋ ಮಂಗಳೂರಿಗೋ ಹೊರಡಬೇಕು. ದಿನಗೂಲಿಯವರಿಗೆ ಅದು ಸುಮ್ನೆ ಆಗುವ ಕೆಲಸವೇ? ಮುಂದೆ ನೋಡೋಣ ಅಂತ ಬಿಟ್ಟುಬಿಡುತ್ತಾರೆ.

ಅದಕ್ಕೇ ನಾನು ಭುಜವನ್ನು ಕೈಯಿಂದ ಪರೀಕ್ಷೆ ಮಾಡಿದ ಮೇಲೆ, ಅದೇ ಕೋಣೆಯಲ್ಲಿ ಅಲ್ಟ್ರಾಸೌಂಡ್ ಮಾಡುತ್ತೇನೆ. "ಸ್ಕ್ಯಾನಿಂಗಾ? ಅದು ಬಸುರಿಯರಿಗೆ ಅಲ್ವಾ?" ಎಂದು ಕೇಳುವವರಿದ್ದಾರೆ. ಯಂತ್ರ ಅದೇ ಬಗೆಯದು, ಮೈಮೇಲೆ ಇಡುವ ಪ್ರೋಬ್ ಬೇರೆ. ವಿಕಿರಣ ಇಲ್ಲ, ಸೂಜಿ ಇಲ್ಲ.

ಸ್ಟೂಲ್ ಮೇಲೆ ಕೂರಿಸಿ, ಅಂಗೈ ಮೇಲಾಗಿ ಕೈಯನ್ನು ತೊಡೆಯ ಮೇಲೆ ಇಡಲು ಹೇಳುತ್ತೇನೆ. ಆಗ ಮುಂದಿನ ಬೈಸೆಪ್ಸ್ ಟೆಂಡನ್ ಕಾಣುತ್ತದೆ. ಮೊಣಕೈ ಪಕ್ಕೆಗೆ ಒತ್ತಿ ಮುಂಗೈಯನ್ನು ಹೊರಕ್ಕೆ ತಿರುಗಿಸಿದರೆ ಮುಂಭಾಗದ ಇನ್ನೊಂದು ಟೆಂಡನ್ ಹೊರಬರುತ್ತದೆ. ಆಮೇಲೆ, "ಹಿಂದಿನ ಜೇಬಿಗೆ ಕೈ ಹಾಕಿದ ಹಾಗೆ ಇಡಿ" ಅನ್ನುತ್ತೇನೆ. ಮೂಳೆಯ ಅಡಿಯಲ್ಲಿ ಅಡಗಿದ್ದ ಸುಪ್ರಾಸ್ಪೈನೇಟಸ್ ಆಗ ಮುಂದೆ ಬರುತ್ತದೆ. ಚೆನ್ನಾಗಿರುವ ಟೆಂಡನ್ ಹುರಿ ಮಾಡಿದ ಹಗ್ಗದ ಹಾಗೆ, ಬಿಳಿ ಎಳೆ ಎಳೆಯಾಗಿ, ಮೇಲಂಚು ಉಬ್ಬಿಕೊಂಡು ಕಾಣುತ್ತದೆ. ಪೂರ್ತಿ ಹರಿದಿದ್ದರೆ ನಡುವೆ ಕಪ್ಪು ಸಂದು, ಅಥವಾ ಉಬ್ಬಿದ ಅಂಚು ಒಳಕ್ಕೆ ಕುಸಿದಿರುತ್ತದೆ.

ಇನ್ನೊಂದು ಅನುಕೂಲವಿದೆ. ಎಂಆರ್‌ಐಯಲ್ಲಿ ಅಲುಗಾಡದೆ ಮಲಗಬೇಕು. ಇಲ್ಲಿ "ಮೆಲ್ಲಗೆ ಕೈ ಎತ್ತಿ" ಅಂದು, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಆಗಲೇ ನೋಡಬಹುದು. ಚೆನ್ನಾಗಿರುವ ಇನ್ನೊಂದು ಭುಜವನ್ನೂ ಪಕ್ಕದಲ್ಲೇ ಹೋಲಿಸಬಹುದು. ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿದರೆ, ವ್ಯಾಯಾಮ ಯಾಕೆ ಮಾಡಬೇಕು ಅಂತ ಮತ್ತೆ ಮತ್ತೆ ಹೇಳಬೇಕಾಗುವುದಿಲ್ಲ.

ಪೂರ್ತಿ ಹರಿದದ್ದನ್ನು ಹಿಡಿಯುವುದರಲ್ಲಿ, ಪಳಗಿದ ಕೈಯಲ್ಲಿ, ಅಲ್ಟ್ರಾಸೌಂಡ್ ಎಂಆರ್‌ಐಗೆ ಸಮ. ಪಳಗಿದ ಕೈ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಪ್ರೋಬ್ ಸ್ವಲ್ಪ ಓರೆಯಾದರೂ ಒಳ್ಳೆಯ ಟೆಂಡನ್ ಕಪ್ಪಾಗಿ ಕಂಡು, ಹರಿದಿದೆ ಅನ್ನಿಸಿಬಿಡುತ್ತದೆ. ಅರೆಬರೆ ಹರಿದದ್ದು ಕೆಲವು ಸಲ ತಪ್ಪಿಹೋಗುತ್ತದೆ. ಕೀಲಿನ ಆಳ ಕಾಣುವುದಿಲ್ಲ. ಪದೇ ಪದೇ ಭುಜ ಜಾರುವ ಹುಡುಗರನ್ನು ನಾನೂ ಎಂಆರ್‌ಐಗೇ ಕಳಿಸುತ್ತೇನೆ. ಸಕ್ಕರೆ ಕಾಯಿಲೆಯವರಿಗೆ ಹೆಚ್ಚಾಗಿ ಬರುವ ಬಿಗಿದ ಭುಜವನ್ನು ಕೈಯಿಂದ ತಿರುಗಿಸಿ ನೋಡಿಯೇ ಗುರುತಿಸಬೇಕು.

ಅರವತ್ತು ದಾಟಿದವರಲ್ಲಿ ಏನೂ ನೋವಿಲ್ಲದೆಯೂ ಟೆಂಡನ್ ಹರಿದಿರುವುದು ಸಾಮಾನ್ಯ. ರಿಪೋರ್ಟ್‌ನಲ್ಲಿ ಹರಿದಿದೆ ಅಂತ ಕಂಡ ತಕ್ಷಣ ಆಪರೇಷನ್ ಅಂತ ಹೆದರಬೇಡಿ. ಎಷ್ಟೋ ಜನ ಫಿಸಿಯೋಥೆರಪಿಯಲ್ಲೇ ಕೆಲಸಕ್ಕೆ ಮರಳುತ್ತಾರೆ. ಆದರೆ ಮೊದಲು ಚೆನ್ನಾಗಿದ್ದ ಭುಜ, ಬಿದ್ದ ದಿನದಿಂದ ಏಳುತ್ತಿಲ್ಲ ಅಂದರೆ ಲೆಕ್ಕ ಬೇರೆ. ಪೂರ್ತಿ ಹರಿದ ಟೆಂಡನ್ ದಿನ ಕಳೆದಂತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಸ್ನಾಯು ಸೊರಗಿ ಕೊಬ್ಬು ತುಂಬುತ್ತದೆ. ಆಮೇಲೆ ಹೊಲಿದರೂ ಕೂಡುವುದು ಕಷ್ಟ. ಅಂಥವರು ಎರಡು ವಾರದೊಳಗೆ ಬರಬೇಕು. ಅಲ್ಲಿಯವರೆಗೆ ಯಾರ ಕೈಯಲ್ಲೂ ಎಳೆಸಬೇಡಿ, ಗಟ್ಟಿಯಾಗಿ ತಿಕ್ಕಿಸಬೇಡಿ.

"ಯಂತ್ರ ಚಿಕ್ಕದಲ್ವಾ, ತೋಟಕ್ಕೇ ತನ್ನಿ ಡಾಕ್ಟ್ರೇ" ಎಂದು ಪ್ಲಾಂಟರ್‌ಗಳು ಕೇಳುತ್ತಾರೆ. ಹಾಗೆ ಹೊತ್ತುಕೊಂಡು ತಿರುಗುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಎಲ್ಲ ಅಲ್ಟ್ರಾಸೌಂಡ್ ಯಂತ್ರಗಳೂ ಇರುವ ಜಾಗದ ಸಮೇತ ನೋಂದಣಿಯಾಗಬೇಕು, ಬರೀ ಭುಜ ನೋಡುವುದಾದರೂ ಸರಿ. ಆ ಕಟ್ಟುನಿಟ್ಟು ಬೇಕೇ ಬೇಕು, ನನಗೆ ಅದರಲ್ಲಿ ತಕರಾರಿಲ್ಲ. ಹಾಗಾಗಿ ತೋಟದವರಲ್ಲಿ ನನ್ನ ಕೋರಿಕೆ ಇಷ್ಟೇ: ಏಣಿಯಿಂದ ಬಿದ್ದವರನ್ನು ಆ ದಿನದ ಕೂಲಿ ಕೊಟ್ಟು, ಜೀಪ್ ಹತ್ತಿಸಿ ಕಳಿಸಿ. ಹಳೆಯ ಎಕ್ಸ್‌ರೇ ಜೊತೆಗಿರಲಿ. ಕೈ ಎತ್ತಲಾಗದವರಿಗೆ ಬಟ್ಟೆ ಬಿಚ್ಚುವುದೇ ಹಿಂಸೆ, ಸಡಿಲವಾದದ್ದು ಹಾಕಿಕೊಂಡು ಬರಲಿ. ಹೆಂಗಸರ ಜೊತೆ ಒಬ್ಬರು ಬಂದರೆ ಅವರಿಗೂ ಧೈರ್ಯ.