ಕ್ರೀಡಾ ವಿಜ್ಞಾನ ಗ್ರಂಥಾಲಯವನ್ನು ಬಳಸುವ ಬಗೆ: ಸಂಗ್ರಹ, ಹುಡುಕಾಟ, ಸೇವೆ

ಕ್ರೀಡಾ ವಿಜ್ಞಾನದ ತರಗತಿಗೆ ಹೊಸದಾಗಿ ಸೇರಿದವರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದಾಗ, ‘ಕ್ರೀಡೆ’ ಎಂಬ ಫಲಕವಿರುವ ಕಪಾಟಿನ ಮುಂದೆ ನಿಂತು, ಅಲ್ಲಿ ಕಂಡಷ್ಟೇ ತಮ್ಮ ವಿಷಯದ ಸಾಹಿತ್ಯವೆಂದು ತಿಳಿಯುವುದುಂಟು. ಆ ಕಪಾಟಿನಲ್ಲಿ ಆಟಗಳ ತಂತ್ರ, ತರಬೇತಿ, ಚರಿತ್ರೆ ಮತ್ತು ಆಡಳಿತದ ಪುಸ್ತಕಗಳೇ ಹೆಚ್ಚು. ಓಡುವಾಗ ಸ್ನಾಯುವಿನಲ್ಲಿ ಏನಾಗುತ್ತದೆ, ಮಂಡಿಯ ಅಸ್ಥಿರಜ್ಜು ಹೇಗೆ ಹರಿಯುತ್ತದೆ, ಪಂದ್ಯದ ಮುನ್ನ ಆತಂಕ ಏಕೆ ಏರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಬೇರೆ ಕಪಾಟುಗಳಲ್ಲಿ, ಬಹುಪಾಲು ಸಂಶೋಧನಾ ಪತ್ರಿಕೆಗಳಲ್ಲಿ ಇರುತ್ತದೆ. ಕ್ರೀಡಾ ವಿಜ್ಞಾನವು ಶರೀರಕ್ರಿಯಾಶಾಸ್ತ್ರ, ವೈದ್ಯಶಾಸ್ತ್ರ, ಮನೋವಿಜ್ಞಾನ, ಭೌತಶಾಸ್ತ್ರ, ಸಮಾಜಶಾಸ್ತ್ರಗಳಿಂದ ಎರವಲು ಪಡೆದು ಬೆಳೆದ ವಿಷಯವಾದ್ದರಿಂದ, ಅದರ ಸಾಹಿತ್ಯವೂ ಚದುರಿಕೊಂಡಿದೆ. ಹಾಗಾಗಿ ಪುಸ್ತಕದ ಹೆಸರು ಹುಡುಕುವ ಮೊದಲು, ನಮ್ಮ ಪ್ರಶ್ನೆ ಯಾವ ಬಗೆಯದು, ಅದಕ್ಕೆ ಯಾವ ಬಗೆಯ ದಾಖಲೆ ಉತ್ತರಿಸಬಲ್ಲದು ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಈ ಟಿಪ್ಪಣಿಯ ಮುಂದಿನ ಭಾಗವೆಲ್ಲ ಆ ನಿರ್ಧಾರಕ್ಕೆ ಸಂಬಂಧಿಸಿದ್ದು.

ಕಪಾಟಿನ ಮೇಲಿನ ಸಂಖ್ಯೆಗಳು

ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯದಲ್ಲಿ 796 ಎಂಬುದು ಕ್ರೀಡೆಗಳ ಸಂಖ್ಯೆ. ಅದರೊಳಗೆ ಫುಟ್‌ಬಾಲ್ 796.334ರಲ್ಲಿಯೂ ಟ್ರ್ಯಾಕ್ ಅಂಡ್ ಫೀಲ್ಡ್ 796.42ರಲ್ಲಿಯೂ ಇರುತ್ತವೆ. ಈಜು 797ಕ್ಕೆ ಸೇರಿದೆ, ಚೆಸ್ 794.1ರಲ್ಲಿದೆ. ವ್ಯಾಯಾಮದ ಶರೀರಕ್ರಿಯೆ 612.044ರಲ್ಲಿ, ದೈಹಿಕ ಕ್ಷಮತೆ 613.7ರಲ್ಲಿ, ಕ್ರೀಡಾ ಗಾಯಗಳ ಚಿಕಿತ್ಸೆ 617.1027ರಲ್ಲಿ ಸಿಗುತ್ತವೆ. ಒಬ್ಬ ದೂರ ಓಟಗಾರನ ಬಗ್ಗೆ ಬರೆಯಬೇಕಾದ ವಿದ್ಯಾರ್ಥಿ ಈ ನಾಲ್ಕೈದು ಕಡೆಗಳಿಗೂ ನಡೆಯಬೇಕಾಗುತ್ತದೆ. ಕ್ರೀಡಾಪಟುಗಳ ಆಹಾರದ ಪುಸ್ತಕದ ಬೆನ್ನ ಮೇಲೆ 613.2024796 ಎಂಬ ಉದ್ದನೆಯ ಸಂಖ್ಯೆ ಕಾಣುತ್ತದೆ. ಇದರಲ್ಲಿ 613.2 ಆಹಾರ ಮತ್ತು ಪೋಷಣೆಯನ್ನು, 024 ಎಂಬುದು ‘ಇಂತಹ ವೃತ್ತಿಯವರಿಗಾಗಿ’ ಎಂಬುದನ್ನು, ಕೊನೆಯ 796 ಕ್ರೀಡೆಯನ್ನು ಸೂಚಿಸುತ್ತವೆ. ಹೀಗೆ ಬಿಡಿಸಿ ಓದಲು ಬಂದರೆ, ಕ್ರೀಡೆ ಎಂಬ ವಿಷಯ ಬೇರೊಂದು ಶಾಸ್ತ್ರದ ಬಾಲವಾಗಿ ಎಲ್ಲೆಲ್ಲಿ ಅಂಟಿಕೊಂಡಿದೆ ಎಂಬುದು ಕಪಾಟಿನ ಮುಂದೆಯೇ ತಿಳಿಯುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ವರ್ಗೀಕರಣವನ್ನು ಬಳಸುವ ಕಡೆಗಳಲ್ಲಿ ಕ್ರೀಡೆ ಜಿವಿ ಅಕ್ಷರಗಳ ಅಡಿಯಲ್ಲಿಯೂ ಕ್ರೀಡಾ ವೈದ್ಯಶಾಸ್ತ್ರ ಆರ್‌ಸಿ 1200ರಿಂದ ಮುಂದೆಯೂ ಬರುತ್ತವೆ. ಪದ್ಧತಿ ಯಾವುದೇ ಆಗಲಿ, ಚದುರುವಿಕೆ ತಪ್ಪುವುದಿಲ್ಲ.

ಕ್ರೀಡೆಗೆಂದೇ ಮೀಸಲಾದ ದೊಡ್ಡ ಗ್ರಂಥಾಲಯಗಳು ಈ ತೊಂದರೆಯನ್ನು ಕಡಿಮೆ ಮಾಡುತ್ತವೆ. ಜರ್ಮನಿಯ ಕಲೋನ್ ನಗರದಲ್ಲಿ 1947ರಲ್ಲಿ ಸ್ಥಾಪನೆಯಾದ ಕ್ರೀಡಾ ವಿಶ್ವವಿದ್ಯಾಲಯದ ಕೇಂದ್ರ ಗ್ರಂಥಾಲಯವು ಜಗತ್ತಿನ ಅತಿ ದೊಡ್ಡ ಕ್ರೀಡಾ ವಿಜ್ಞಾನ ಗ್ರಂಥಾಲಯವೆಂದು ಹೆಸರಾಗಿದೆ. ಅಂತಹ ಕಡೆ ವೈದ್ಯಕೀಯದಿಂದ ತತ್ವಶಾಸ್ತ್ರದವರೆಗಿನ ಎಲ್ಲವನ್ನೂ ಕ್ರೀಡೆಯ ಕಣ್ಣಿನಿಂದಲೇ ಆಯ್ದು ಒಂದೇ ಸೂರಿನಡಿ ಇಟ್ಟಿರುತ್ತಾರೆ. ಸಾಮಾನ್ಯ ವಿಶ್ವವಿದ್ಯಾಲಯದಲ್ಲಿ ಕಲಿಯುವವರಿಗೆ ಆ ಅನುಕೂಲವಿಲ್ಲ. ಆಯ್ಕೆಯ ಕೆಲಸವನ್ನು ಅವರೇ ಮಾಡಿಕೊಳ್ಳಬೇಕು.

ಹಳೆಯ ನಿಯಮ ಪುಸ್ತಕಗಳನ್ನು ಏಕೆ ಉಳಿಸುತ್ತಾರೆ

ಸಂಗ್ರಹದಲ್ಲಿ ವಿದ್ಯಾರ್ಥಿಗಳು ಅತಿ ಕಡಿಮೆ ಮುಟ್ಟುವ ಭಾಗವೆಂದರೆ ಹಳೆಯ ನಿಯಮ ಪುಸ್ತಕಗಳು. ಹೊಸ ಆವೃತ್ತಿ ಬಂದ ಮೇಲೆ ಹಳೆಯದು ರದ್ದಿಯಲ್ಲವೇ ಎಂದು ಅನಿಸುವುದು ಸಹಜ. ಆದರೆ ಕ್ರೀಡೆಯ ಅಂಕಿಅಂಶಗಳಿಗೆ ಅರ್ಥ ಬರುವುದೇ ಆಯಾ ಕಾಲದ ನಿಯಮದಿಂದ. ಪುರುಷರ ಜಾವೆಲಿನ್ ಎಸೆತವನ್ನೇ ನೋಡೋಣ. 1984ರ ಜುಲೈಯಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದರು. ಅದಕ್ಕೂ ಮೊದಲೇ ದೂರಗಳು ಮೈದಾನದ ಸುರಕ್ಷತೆಯನ್ನು ಪ್ರಶ್ನಿಸುವಷ್ಟು ಬೆಳೆದಿದ್ದವು. ಜೊತೆಗೆ ಈಟಿ ಚಪ್ಪಟೆಯಾಗಿ ಇಳಿಯುತ್ತಿದ್ದುದರಿಂದ ಎಸೆತ ಸಿಂಧುವೋ ಅಲ್ಲವೋ ಎಂಬ ವಿವಾದಗಳೂ ಆಗುತ್ತಿದ್ದವು. 1986ರಿಂದ ಜಾರಿಗೆ ಬಂದ ನಿಯಮವು ಈಟಿಯ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಿತು. ಇದರಿಂದ ಮೂತಿ ಬೇಗ ಕೆಳಗೆ ಬಾಗಿ, ಈಟಿ ತುದಿಯಿಂದಲೇ ನೆಲಕ್ಕೆ ನಾಟತೊಡಗಿತು, ದೂರವೂ ಕುಗ್ಗಿತು. ಹೊಸ ಈಟಿಯ ದಾಖಲೆ ಅದೇ ವರ್ಷದ ಕೊನೆಗೆ 85.74 ಮೀಟರ್ ಆಗಿತ್ತು. 1996ರಲ್ಲಿ ಯಾನ್ ಝೆಲೆಜ್ನಿ ಎಸೆದ 98.48 ಮೀಟರ್ ಇಂದಿಗೂ ವಿಶ್ವ ದಾಖಲೆ.

ಈ ಸಂಗತಿ ಗೊತ್ತಿಲ್ಲದವರು 104.80 ಮತ್ತು 98.48ನ್ನು ಒಂದೇ ಕೋಷ್ಟಕದಲ್ಲಿಟ್ಟು ‘ಎಸೆತಗಾರರ ಸಾಮರ್ಥ್ಯ ಕುಸಿದಿದೆ’ ಎಂದು ಬರೆದುಬಿಡಬಹುದು. ಮಹಿಳೆಯರ ಈಟಿಯ ವಿನ್ಯಾಸ ಬದಲಾದದ್ದು 1999ರಲ್ಲಿ ಎಂಬುದನ್ನು ಗಮನಿಸದಿದ್ದರೆ ಮತ್ತೊಂದು ತಪ್ಪು ಹೋಲಿಕೆ ಹುಟ್ಟುತ್ತದೆ. ಟೇಬಲ್ ಟೆನಿಸ್ ಚೆಂಡು 2000ದಲ್ಲಿ 38 ಮಿಲಿಮೀಟರಿನಿಂದ 40ಕ್ಕೆ ದೊಡ್ಡದಾಯಿತು, ಮರುವರ್ಷ ಒಂದು ಗೇಮ್ 21 ಅಂಕಗಳಿಂದ 11ಕ್ಕೆ ಇಳಿಯಿತು. ಈಜಿನಲ್ಲಿ ಪಾಲಿಯುರೆಥೇನ್ ಉಡುಪುಗಳಿಗೆ 2010ರ ಆರಂಭದಿಂದ ನಿಷೇಧ ಬಂದಿತು. ರ್‍ಯಾಲಿಯ ಅವಧಿ, ಪಂದ್ಯದ ಹೊರೆ, ಈಜಿನ ವೇಗ ಇವುಗಳನ್ನು ದಶಕಗಳ ಉದ್ದಕ್ಕೆ ಹೋಲಿಸುವ ಪ್ರಬಂಧ ಬರೆಯುವವರು, ಆಯಾ ವರ್ಷದ ನಿಯಮ ಪುಸ್ತಕವನ್ನು ಕೈಯಲ್ಲಿ ಹಿಡಿಯದೆ ಮುಂದುವರಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂತಹ ಪುಸ್ತಕಗಳು ಅನೇಕ ಕಡೆ ತೆರೆದ ಕಪಾಟಿನಲ್ಲಿರದೆ ಒಳಗಿನ ದಾಸ್ತಾನಿನಲ್ಲಿರುತ್ತವೆ. ಕೋರಿಕೆ ಚೀಟಿ ಬರೆದು ತರಿಸಿಕೊಳ್ಳಬೇಕು.

ಇದೇ ಸಾಲಿಗೆ ಸೇರುವವು ಒಲಿಂಪಿಕ್ಸ್‌ನ ಅಧಿಕೃತ ವರದಿಗಳು. ಪ್ರತಿ ಕ್ರೀಡಾಕೂಟದ ಸಂಘಟನಾ ಸಮಿತಿ ಫಲಿತಾಂಶದ ಜೊತೆಗೆ ಕ್ರೀಡಾಂಗಣ, ಖರ್ಚು, ಸಾರಿಗೆ, ವಸತಿಗಳ ವಿವರವನ್ನೂ ಇವುಗಳಲ್ಲಿ ದಾಖಲಿಸಿರುವುದರಿಂದ, ಕ್ರೀಡಾ ನಿರ್ವಹಣೆಯನ್ನು ಓದುವವರಿಗೆ ಇವು ಮೂಲ ಆಕರ. 1984ರ ಲಾಸ್ ಏಂಜಲೀಸ್ ಕ್ರೀಡಾಕೂಟದಲ್ಲಿ ಉಳಿದ ಹಣದಿಂದ ರೂಪುಗೊಂಡ ಎಲ್‌ಎ84 ಪ್ರತಿಷ್ಠಾನದ ಡಿಜಿಟಲ್ ಗ್ರಂಥಾಲಯ ಮತ್ತು ಲೊಸಾನ್ ನಗರದ ಒಲಿಂಪಿಕ್ ಅಧ್ಯಯನ ಕೇಂದ್ರ ಇಂತಹ ವರದಿಗಳನ್ನು ಅಂತರಜಾಲದಲ್ಲಿ ಒದಗಿಸಿವೆ. ಪ್ರಬಂಧಗಳು, ತರಬೇತಿ ಕೈಪಿಡಿಗಳು, ಪಂದ್ಯದ ಚಿತ್ರಮುದ್ರಿಕೆಗಳು, ಭಿತ್ತಿಪತ್ರಗಳು ಕೂಡ ವಿಶೇಷ ಸಂಗ್ರಹದಲ್ಲಿ ಇರುತ್ತವೆ.

ಪತ್ರಿಕೆಗಳು ಮತ್ತು ದತ್ತಸಂಚಯಗಳು

ಪಠ್ಯಪುಸ್ತಕವು ವಿಷಯದ ಚೌಕಟ್ಟನ್ನು ಕೊಡುತ್ತದೆ. ವಾದ ನಡೆಯುವುದು ಪತ್ರಿಕೆಗಳಲ್ಲಿ. ಸ್ನಾಯುವಿನ ಶಾಖೋತ್ಪಾದನೆಯ ಕೆಲಸಕ್ಕೆ 1922ನೇ ಸಾಲಿನ ನೊಬೆಲ್ ಪಡೆದ ಎ. ವಿ. ಹಿಲ್ ಮತ್ತು ಅವರ ಸಹೋದ್ಯೋಗಿಗಳು ಗರಿಷ್ಠ ಆಮ್ಲಜನಕ ಬಳಕೆಯ ಕಲ್ಪನೆಯನ್ನು 1920ರ ದಶಕದಲ್ಲಿ ಮುಂದಿಟ್ಟದ್ದು ಲೇಖನಗಳ ಮೂಲಕವೇ. ಆ ಗರಿಷ್ಠ ಮಿತಿಯನ್ನು ಹೃದಯ ನಿರ್ಧರಿಸುತ್ತದೆಯೋ ಸ್ನಾಯುವೋ ಮೆದುಳೋ ಎಂಬ ಚರ್ಚೆ ಇಂದಿಗೂ ಪತ್ರಿಕೆಗಳಲ್ಲಿ ಮುಂದುವರಿದಿದೆ. ಇಂತಹ ಚರ್ಚೆಯ ಎಲ್ಲ ಬದಿಗಳನ್ನೂ ನೋಡಬೇಕಾದರೆ ಹಳೆಯ ಸಂಪುಟಗಳೂ ಬೇಕು, ಈ ತಿಂಗಳ ಸಂಚಿಕೆಯೂ ಬೇಕು.

ಲೇಖನಗಳನ್ನು ಹುಡುಕಲು ನೆರವಾಗುವ ಗಣಕೀಕೃತ ಸೂಚಿಗಳಾದ ದತ್ತಸಂಚಯಗಳಲ್ಲಿ ಮೊದಲು ಪರಿಚಯವಾಗಬೇಕಾದದ್ದು ಸ್ಪೋರ್ಟ್‌ಡಿಸ್ಕಸ್. ಕೆನಡಾದ ಕ್ರೀಡಾ ಮಾಹಿತಿ ಸಂಪನ್ಮೂಲ ಕೇಂದ್ರ ಕಟ್ಟಿದ ಈ ಸೂಚಿಯನ್ನು ಈಗ ಎಬ್ಸ್ಕೋ ಸಂಸ್ಥೆ ನಡೆಸುತ್ತಿದೆ. ಇದಕ್ಕೆ ಚಂದಾ ಬೇಕು, ಹಾಗಾಗಿ ಗ್ರಂಥಾಲಯದ ಮೂಲಕವೇ ಪ್ರವೇಶ. ತರಬೇತಿ, ಕ್ರೀಡಾ ಸಮಾಜಶಾಸ್ತ್ರ, ನಿರ್ವಹಣೆಗಳ ಲೇಖನಗಳು ಇದರಲ್ಲಿ ಸಿಗುವಷ್ಟು ಬೇರೆಡೆ ಸಿಗುವುದು ಕಷ್ಟ. 1996ರಿಂದ ಎಲ್ಲರಿಗೂ ಉಚಿತವಾಗಿ ತೆರೆದುಕೊಂಡಿರುವ ಪಬ್‌ಮೆಡ್ ವೈದ್ಯಕೀಯದ ಕಡೆಗೆ ವಾಲಿದೆ. ಸಿಡ್ನಿಯಿಂದ 1999ರಲ್ಲಿ ಆರಂಭವಾದ ಪೆಡ್ರೊ ಭೌತಚಿಕಿತ್ಸೆಯ ಪ್ರಯೋಗಗಳನ್ನೂ, ಹಲವು ಅಧ್ಯಯನಗಳನ್ನು ಒಟ್ಟಿಗೆ ಅವಲೋಕಿಸುವ ವಿಮರ್ಶೆಗಳನ್ನೂ ಒಟ್ಟುಗೂಡಿಸುತ್ತದೆ. ಒಂದೇ ದತ್ತಸಂಚಯವನ್ನು ನೋಡಿ ‘ಈ ವಿಷಯದಲ್ಲಿ ಅಧ್ಯಯನಗಳಿಲ್ಲ’ ಎಂದು ತೀರ್ಮಾನಿಸುವುದು ಅವಸರವೆನಿಸುತ್ತದೆ.

ಒಂದು ಪ್ರಶ್ನೆಯನ್ನು ಹಿಡಿದು ಹುಡುಕುವ ಕ್ರಮವನ್ನು ನೋಡೋಣ: ಓಟಕ್ಕೆ ಮುನ್ನ ನಿಶ್ಚಲವಾಗಿ ಸ್ನಾಯುಗಳನ್ನು ಹಿಗ್ಗಿಸಿದರೆ ಸ್ಪ್ರಿಂಟ್ ವೇಗ ಕುಗ್ಗುತ್ತದೆಯೇ? ಈ ವಾಕ್ಯವನ್ನು ಹಾಗೆಯೇ ಹುಡುಕು ಪೆಟ್ಟಿಗೆಗೆ ಹಾಕಿದರೆ ಅಸ್ತವ್ಯಸ್ತ ಫಲಿತಾಂಶ ಬರುತ್ತದೆ. ಬದಲಾಗಿ ಇದರಲ್ಲಿರುವ ಎರಡು ಮುಖ್ಯ ಪರಿಕಲ್ಪನೆಗಳನ್ನು ಬೇರ್ಪಡಿಸಬೇಕು. ಮೊದಲನೆಯದಕ್ಕೆ ‘ಸ್ಟ್ಯಾಟಿಕ್ ಸ್ಟ್ರೆಚಿಂಗ್’ ಎಂಬುದರ ಜೊತೆಗೆ ಪಬ್‌ಮೆಡ್‌ನ ನಿಯಂತ್ರಿತ ವಿಷಯ ಶೀರ್ಷಿಕೆಯಾದ (ಒಂದೇ ವಿಷಯದ ಲೇಖನಗಳಿಗೆಲ್ಲ ಹಚ್ಚುವ ನಿಗದಿತ ಪದ) ‘ಮಸಲ್ ಸ್ಟ್ರೆಚಿಂಗ್ ಎಕ್ಸರ್ಸೈಜಸ್’ ಅನ್ನು, ಯಾವುದಾದರೂ ಒಂದಿದ್ದರೆ ಸಾಕು ಎನ್ನುವ ‘ಆರ್’ನಿಂದ ಸೇರಿಸಬೇಕು, ಎರಡನೆಯದಕ್ಕೆ ‘ಸ್ಪ್ರಿಂಟ್’ ಪದದ ತುದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಸ್ಪ್ರಿಂಟಿಂಗ್, ಸ್ಪ್ರಿಂಟರ್ ಎಂಬ ರೂಪಗಳೂ ಬರುತ್ತವೆ. ಎರಡು ಗುಂಪುಗಳನ್ನು, ಎರಡೂ ಇರಲೇಬೇಕು ಎನ್ನುವ ‘ಅಂಡ್’ನಿಂದ ಜೋಡಿಸಬೇಕು. ಎಲ್ಲ ಲೇಖನಗಳಿಗೂ ವಿಷಯ ಶೀರ್ಷಿಕೆ ಇರುವುದಿಲ್ಲವಾದ್ದರಿಂದ, ವಿಷಯ ಶೀರ್ಷಿಕೆಯನ್ನು ಮಾತ್ರ ನಂಬಿದರೆ ಕೆಲವು ಕೈತಪ್ಪುತ್ತವೆ. ಸಾಮಾನ್ಯ ಪದಗಳನ್ನೂ ಇಟ್ಟುಕೊಳ್ಳುವುದು ಅದಕ್ಕಾಗಿ. ‘ನಾಟ್’ ಬಳಸಿ ಗಾಯದ ಲೇಖನಗಳನ್ನು ತೆಗೆದುಹಾಕುವ ಆಸೆ ಬರುತ್ತದೆ, ಆದರೆ ಗಾಯವನ್ನೂ ವೇಗವನ್ನೂ ಒಟ್ಟಿಗೆ ಚರ್ಚಿಸಿದ ಉತ್ತಮ ಲೇಖನ ಅದರೊಂದಿಗೇ ಹೊರಟುಹೋಗುತ್ತದೆ.

ಸಿಕ್ಕ ವಿಮರ್ಶಾ ಲೇಖನಗಳನ್ನು ಓದಿದಾಗ ಮತ್ತೊಂದು ಅಂಶ ಕಾಣುತ್ತದೆ: ಪ್ರತಿ ಸ್ನಾಯುವನ್ನು 60 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಗ್ಗಿಸಿ ಹಿಡಿದಾಗ ಕುಸಿತ ಎದ್ದು ಕಾಣುತ್ತದೆ, ಅದಕ್ಕಿಂತ ಕಡಿಮೆ ಅವಧಿಯಲ್ಲಿ ಅದು ತೀರಾ ಅಲ್ಪ. ಅಂದರೆ ನಮ್ಮ ಮೂಲ ಪ್ರಶ್ನೆಯಲ್ಲಿ ‘ಎಷ್ಟು ಹೊತ್ತು’ ಎಂಬುದೇ ಇರಲಿಲ್ಲ. ಮೊದಲ ಸುತ್ತಿನ ಓದು ಪ್ರಶ್ನೆಯನ್ನು ತಿದ್ದಿದ ಮೇಲೆ ಎರಡನೆಯ ಸುತ್ತು ಹುಡುಕುವುದು ಒಳ್ಳೆಯ ಅಭ್ಯಾಸ.

ಗುಣಮಟ್ಟ ಅಳೆಯಲು, ಪೆಡ್ರೊ ದತ್ತಸಂಚಯವು ಪ್ರಯೋಗಗಳಿಗೆ ಅಂಕ ಕೊಡಲು ಬಳಸುವ ಪೆಡ್ರೊ ಮಾಪಕ ಆರಂಭಿಕರಿಗೆ ನೆರವಾಗುತ್ತದೆ. ಅದರಲ್ಲಿ 11 ಅಂಶಗಳಿದ್ದರೂ ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯದ ಕಾರಣ ಅಂಕ 10ಕ್ಕೆ ಇರುತ್ತದೆ. ವ್ಯಾಯಾಮದ ಪ್ರಯೋಗಗಳು ಪೂರ್ಣ ಅಂಕ ಪಡೆಯುವುದು ಅಪರೂಪ. ತಾನು ಭಾರ ಎತ್ತುತ್ತಿದ್ದೇನೋ ಇಲ್ಲವೋ ಎಂಬುದನ್ನು ಭಾಗವಹಿಸುವವರಿಂದ ಮುಚ್ಚಿಡಲು ಆಗುವುದಿಲ್ಲವಲ್ಲ! ಆದ್ದರಿಂದ 6 ಅಥವಾ 7 ಅಂಕ ಬಂದ ಅಧ್ಯಯನವನ್ನು ಕಳಪೆಯೆಂದು ಬದಿಗೆ ಸರಿಸದೆ, ಅಂಕ ಎಲ್ಲಿ ಹೋಯಿತು ಎಂಬುದನ್ನು ನೋಡಬೇಕು.

ಸೇವೆಗಳು

ಎರವಲು ಮತ್ತು ನವೀಕರಣದ ನಿಯಮಗಳು ಪ್ರತಿ ಗ್ರಂಥಾಲಯದಲ್ಲಿ ಬೇರೆ. ಫಲಕ ನೋಡಿದರೆ ಸಾಕು. ಹೆಚ್ಚು ಉಪಯೋಗಕ್ಕೆ ಬರುವುದು ಅಂತರ ಗ್ರಂಥಾಲಯ ಎರವಲು. ನಮ್ಮಲ್ಲಿಲ್ಲದ ಪುಸ್ತಕವನ್ನೋ ಹಳೆಯ ಸಂಪುಟದ ಲೇಖನವನ್ನೋ ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ಈ ಸೇವೆಗೆ ಲೇಖಕ, ವರ್ಷ, ಸಂಪುಟ, ಪುಟಗಳ ಜೊತೆಗೆ ಡಿಒಐ ಸಂಖ್ಯೆಯನ್ನು (ಲೇಖನದ ಶಾಶ್ವತ ಗುರುತು ಸಂಖ್ಯೆ) ಬರೆದುಕೊಟ್ಟರೆ ತಪ್ಪು ಲೇಖನ ಬರುವ ಸಾಧ್ಯತೆ ಬಹಳ ಕಡಿಮೆ. ಮನೆಯಿಂದ ಅಥವಾ ತರಬೇತಿ ಶಿಬಿರದಿಂದ ಓದುವವರು ದೂರಪ್ರವೇಶದ ಖಾತೆಯನ್ನು ಸೆಮಿಸ್ಟರ್ ಆರಂಭದಲ್ಲೇ ಮಾಡಿಸಿಕೊಳ್ಳಬೇಕು. ಝೊಟೆರೊದಂತಹ ಉಚಿತ ಉಲ್ಲೇಖ ನಿರ್ವಹಣಾ ತಂತ್ರಾಂಶದ ತರಬೇತಿಯನ್ನು ಹಲವು ಗ್ರಂಥಾಲಯಗಳು ನೀಡುತ್ತವೆ. ಪ್ರಬಂಧದ ಕೊನೆಯ ವಾರದಲ್ಲಿ ಅದನ್ನು ಕಲಿಯಲು ಕೂರುವುದು ವ್ಯರ್ಥ ಶ್ರಮ.

ವಿಷಯ ಗ್ರಂಥಪಾಲಕರೊಂದಿಗೆ ಸಮಾಲೋಚನೆಗೆ ಹೋಗುವಾಗ, ‘ಕ್ರೀಡಾ ಮನೋವಿಜ್ಞಾನದ ಬಗ್ಗೆ ಏನಾದರೂ ಕೊಡಿ’ ಎಂದು ಕೇಳಿದರೆ ಅವರಿಂದ ಸಿಗುವುದೂ ಅಷ್ಟೇ ಸಡಿಲವಾದ ಉತ್ತರ. ನಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಂಡು, ಈಗಾಗಲೇ ಬಳಸಿದ ಪದಗಳನ್ನೂ ನೋಡಿದ ದತ್ತಸಂಚಯಗಳನ್ನೂ ಉಪಯುಕ್ತವೆನಿಸಿದ ಒಂದೆರಡು ಲೇಖನಗಳನ್ನೂ ಮುಂದಿಟ್ಟರೆ, ಆ ಲೇಖನಗಳಿಗೆ ಸೇರಿಸಿರುವ ವಿಷಯ ಶೀರ್ಷಿಕೆಗಳನ್ನು ನೋಡಿ ಅವರು ಹುಡುಕಾಟವನ್ನು ಕೂಡಲೇ ಹರಿತಗೊಳಿಸಬಲ್ಲರು. ಒಂದು ಪ್ರಶ್ನೆಯ ಕುರಿತ ಅಧ್ಯಯನಗಳನ್ನೆಲ್ಲ ಕ್ರಮಬದ್ಧವಾಗಿ ಹುಡುಕಿ ಅವಲೋಕಿಸುವ ವ್ಯವಸ್ಥಿತ ವಿಮರ್ಶೆ ಬರೆಯುವವರಿಗಂತೂ ಈ ನೆರವು ಅನಿವಾರ್ಯ. ಇಂತಹ ವಿಮರ್ಶೆಗಳನ್ನು ವರದಿ ಮಾಡುವ ಬಗೆಯನ್ನು ತಿಳಿಸುವ ಪ್ರಿಸ್ಮಾ ಮಾರ್ಗಸೂಚಿಯ 2020ರ ಆವೃತ್ತಿಯು ಪ್ರತಿ ದತ್ತಸಂಚಯದಲ್ಲಿ ಬಳಸಿದ ಪೂರ್ಣ ಹುಡುಕು ಸೂತ್ರವನ್ನು, ಹಾಕಿದ ಮಿತಿಗಳನ್ನು ಮತ್ತು ಕೊನೆಯದಾಗಿ ಹುಡುಕಿದ ದಿನಾಂಕವನ್ನು ವರದಿಯಲ್ಲಿ ಕೊಡಬೇಕೆಂದು ಕೇಳುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಸೂತ್ರಗಳನ್ನು ಒಂದು ಕಡತದಲ್ಲಿ ನಕಲಿಸಿ, ಪ್ರತಿಯೊಂದರ ಮುಂದೆ ದಿನಾಂಕವನ್ನೂ ಸಿಕ್ಕ ಲೇಖನಗಳ ಸಂಖ್ಯೆಯನ್ನೂ ಬರೆದಿಡಬೇಕು. ದತ್ತಸಂಚಯದಲ್ಲಿ ಸ್ವಂತ ಖಾತೆ ತೆರೆದು ಹುಡುಕಾಟವನ್ನು ಉಳಿಸಿದರೆ, ಹೊಸ ಲೇಖನ ಬಂದಾಗಲೆಲ್ಲ ಇಮೇಲ್ ಸೂಚನೆಯೂ ತಾನಾಗಿ ಬರುತ್ತದೆ.