ಮನೆಯಲ್ಲೇ ಜಾಯ್‌ಸ್ಟಿಕ್ ಕಟ್ಟುವುದು: ನಡುಬಿಂದುವಿನ ಸುತ್ತ ಕೆಲವು ಅಧ್ಯಯನ ಟಿಪ್ಪಣಿಗಳು

ಸಿಮ್ಯುಲೇಟರ್‌ನಲ್ಲಿ ವಿಮಾನವನ್ನು ರನ್‌ವೇಗೆ ಇಳಿಸುವಾಗ ನಮ್ಮ ಕೈ ಏನು ಮಾಡುತ್ತದೆ ಎಂಬುದನ್ನು ಒಮ್ಮೆ ಗಮನಿಸಿ ನೋಡಬೇಕು. ಜಾಯ್‌ಸ್ಟಿಕ್‌ನ ಕೋಲು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದೇ ಇಲ್ಲ. ನಡುವಿನಿಂದ ಎರಡು ಮೂರು ಡಿಗ್ರಿ ಅತ್ತ, ಎರಡು ಮೂರು ಡಿಗ್ರಿ ಇತ್ತ ಸರಿಯುತ್ತಾ, ಪ್ರತಿ ಬಾರಿಯೂ ನಡುಬಿಂದುವನ್ನು ದಾಟಿಕೊಂಡೇ ಅದು ಓಡಾಡುತ್ತದೆ. ಆದ್ದರಿಂದ ಜಾಯ್‌ಸ್ಟಿಕ್ ಒಂದು ಒಳ್ಳೆಯದೋ ಅಲ್ಲವೋ ಎಂಬುದು ಅದಕ್ಕೆ ಎಷ್ಟು ಬಟನ್‌ಗಳಿವೆ, ಹಿಡಿ ಎಷ್ಟು ಚೆಂದವಾಗಿದೆ ಎಂಬುದರಿಂದ ತೀರ್ಮಾನವಾಗುವುದಿಲ್ಲ. ಆ ನಾಲ್ಕೈದು ಡಿಗ್ರಿಯ ಒಳಗೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದರಿಂದ ತೀರ್ಮಾನವಾಗುತ್ತದೆ. ನನ್ನ ಮೊದಲ ಜಾಯ್‌ಸ್ಟಿಕ್ ಕಟ್ಟುವಾಗ ನಾನು ಇದನ್ನು ತಡವಾಗಿ ತಿಳಿದುಕೊಂಡೆ. ಈ ಟಿಪ್ಪಣಿಗಳನ್ನು ಓದುವವರು ಮೊದಲೇ ತಿಳಿದಿರಲಿ ಎಂಬ ಆಸೆಯಿಂದ, ಯಂತ್ರಭಾಗ, ಸೆನ್ಸರ್, ಪ್ರೋಗ್ರಾಂ ಎಲ್ಲವನ್ನೂ ಇಲ್ಲಿ ಆ ನಡುಬಿಂದುವಿನ ಕಡೆಯಿಂದಲೇ ನೋಡಿದ್ದೇನೆ.

ಕೋಲು ಮತ್ತು ಅದರ ಕೀಲು

ಕೋಲು ಎರಡು ಅಕ್ಷಗಳ ಸುತ್ತ ವಾಲಬೇಕು. ಹಿಂದಕ್ಕೆ ಎಳೆದರೆ ವಿಮಾನದ ಮೂಗು ಮೇಲೇರುತ್ತದೆ, ಮುಂದಕ್ಕೆ ತಳ್ಳಿದರೆ ಇಳಿಯುತ್ತದೆ. ಇದು ಬಾಲದಲ್ಲಿ ಮೇಲೆ ಕೆಳಗೆ ವಾಲುವ ಫಲಕದ, ಅಂದರೆ ಎಲಿವೇಟರ್‌ನ ಕೆಲಸ. ಎಡಕ್ಕೆ ಅಥವಾ ಬಲಕ್ಕೆ ವಾಲಿಸಿದರೆ ರೆಕ್ಕೆಗಳ ಹಿಂಬದಿಯ ಫಲಕಗಳಾದ ಏಲೆರಾನ್‌ಗಳು ಕದಲಿ ವಿಮಾನ ಆ ಕಡೆಗೆ ಓರೆಯಾಗುತ್ತದೆ. ಮೂರನೆಯದಾದ, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡರ್ ಅನ್ನು ಕೋಲನ್ನು ತಿರುಚುವ ಮೂಲಕವೂ ಕೊಡಬಹುದು, ಆದರೆ ತಿರುಚುವ ಕೈ ತನಗರಿವಿಲ್ಲದೆಯೇ ಕೋಲನ್ನು ಪಕ್ಕಕ್ಕೂ ದೂಡುತ್ತದೆಯಾದ್ದರಿಂದ, ಅದನ್ನು ಮುಂದೆಂದಾದರೂ ಮಾಡಿಕೊಳ್ಳುವ ಪೆಡಲ್‌ಗಳಿಗೆ ಬಿಟ್ಟುಕೊಡುವುದೇ ವಾಸಿ ಎಂದು ನನ್ನ ಅಭಿಪ್ರಾಯ.

ಎರಡು ಅಕ್ಷಗಳಿಗಾಗಿ ಚೌಕಟ್ಟಿನೊಳಗೆ ಚೌಕಟ್ಟನ್ನು ಕೂರಿಸುವ ವಿಧಾನಕ್ಕೆ ಗಿಂಬಲ್ ಎನ್ನುತ್ತಾರೆ. ಹೊರಗಿನ ಚೌಕಟ್ಟು ಒಂದು ಅಕ್ಷದ ಮೇಲೆ ತಿರುಗುತ್ತದೆ, ಕೋಲನ್ನು ಹಿಡಿದಿರುವ ಒಳಗಿನದು ಅದಕ್ಕೆ ಅಡ್ಡವಾದ ಅಕ್ಷದ ಮೇಲೆ ತಿರುಗುತ್ತದೆ. ಎರಡೂ ಅಕ್ಷಗಳು ಒಂದೇ ಬಿಂದುವಿನಲ್ಲಿ ಹಾದುಹೋಗುವಂತೆ ಅಳತೆ ಹಾಕಿಕೊಂಡರೆ, ಕೋಲು ಎರಡೂ ದಿಕ್ಕಿನಲ್ಲಿ ಒಂದೇ ಉದ್ದದ್ದೆಂಬಂತೆ ಕೈಗೆ ಭಾಸವಾಗುತ್ತದೆ. ಬೇರಿಂಗ್‌ಗಳಲ್ಲಿ 608 ಎಂಬ ಅಳತೆಯದು ಸುಲಭವಾಗಿ ಸಿಗುತ್ತದೆ. ಒಳರಂಧ್ರ 8 ಮಿ.ಮೀ., ಹೊರವ್ಯಾಸ 22 ಮಿ.ಮೀ., ದಪ್ಪ 7 ಮಿ.ಮೀ. ಒಂದೊಂದು ಅಕ್ಷಕ್ಕೂ ಎರಡು ಬೇರಿಂಗ್‌ಗಳನ್ನು, ಸಾಧ್ಯವಾದಷ್ಟು ಅಂತರ ಬಿಟ್ಟು ಹಾಕಬೇಕು. ಒಂದೇ ಬೇರಿಂಗ್‌ನಲ್ಲಿ ನಿಂತ ದಂಡವು ತಿರುಗುವುದರ ಜೊತೆಗೆ ಅಲುಗಾಡುತ್ತದೆ, ಆ ಅಲುಗಾಟವನ್ನು ಸೆನ್ಸರ್ ಚಲನೆಯೆಂದೇ ಓದುತ್ತದೆ.

ಮೆಕ್ಯಾನಿಕ್‌ಗಳು ‘ಪ್ಲೇ’ ಎಂದು ಕರೆಯುವ ಈ ಸಡಿಲವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ನನ್ನ ಮೊದಲ ಕೋಲಿನಲ್ಲಿ ಚೌಕಟ್ಟಿನಿಂದ ಸೆನ್ಸರ್‌ನ ದಂಡಕ್ಕೆ ಚಲನೆಯನ್ನು ಒಯ್ಯಲು 20 ಮಿ.ಮೀ. ಉದ್ದದ ಒಂದು ಸಣ್ಣ ತೋಳನ್ನು ಮಾಡಿಕೊಂಡಿದ್ದೆ, ಅದರ ರಂಧ್ರದಲ್ಲಿ ಪಿನ್ ಅರ್ಧ ಮಿ.ಮೀ. ಸಡಿಲವಾಗಿತ್ತು. ಕೈಯಲ್ಲಿ ಹಿಡಿದು ನೋಡಿದಾಗ ಅದು ಲೆಕ್ಕಕ್ಕೇ ಬಾರದಷ್ಟು ಚಿಕ್ಕದಾಗಿ ಕಂಡಿತು. ಆದರೆ 20ರಲ್ಲಿ ಅರ್ಧವೆಂದರೆ ಸುಮಾರು 1.4 ಡಿಗ್ರಿ. ಕೋಲು ಒಂದು ಬದಿಗೆ ವಾಲುವುದೇ 20 ಡಿಗ್ರಿಯಾದರೆ, ಅದರ 7 ಪ್ರತಿಶತ ಈ ಪಿನ್ನಿನ ಬಾಯಿಗೆ ಹೋಯಿತು. ಅದೂ ನಡುಬಿಂದುವನ್ನು ದಾಟುವಾಗ, ಅಂದರೆ ನಮಗೆ ಸೂಕ್ಷ್ಮತೆ ಅತಿ ಹೆಚ್ಚು ಬೇಕಾಗಿರುವಾಗಲೇ. ತೋಳನ್ನೂ ಪಿನ್ನನ್ನೂ ಕಿತ್ತು, ಸೆನ್ಸರ್‌ನ ದಂಡವನ್ನು ಅಕ್ಷದ ದಂಡಕ್ಕೇ ನೇರವಾಗಿ ಜೋಡಿಸಿ ಸ್ಕ್ರೂ ಬಿಗಿದ ಮೇಲೆ ಆ ನಷ್ಟ ಹೋಯಿತು.

ಕೋಲಿನ ಉದ್ದವೂ ನಡುಬಿಂದುವಿನ ಸೂಕ್ಷ್ಮತೆಗೆ ನೆರವಾಗುತ್ತದೆ. 20 ಡಿಗ್ರಿ ವಾಲಿದಾಗ 20 ಸೆಂ.ಮೀ. ಉದ್ದದ ಕೋಲಿನ ತುದಿ ಸುಮಾರು 7 ಸೆಂ.ಮೀ. ಸರಿದರೆ, 50 ಸೆಂ.ಮೀ. ಉದ್ದದ್ದು 17 ಸೆಂ.ಮೀ. ಸರಿಯುತ್ತದೆ. ಅದೇ ಕೋನವನ್ನು ಕೈ ಎರಡೂವರೆ ಪಟ್ಟು ವಿಶಾಲವಾದ ಜಾಗದಲ್ಲಿ ಅಳೆದು ಕೊಡುತ್ತದೆ. ಆದರೆ ಉದ್ದದ ಕೋಲನ್ನು ಮೇಜಿನ ಮೇಲೆ ಇಡಲಾಗುವುದಿಲ್ಲ, ನೆಲದ ಮೇಲೆ ಕಾಲುಗಳ ನಡುವೆ ನಿಲ್ಲಿಸಬೇಕಾಗುತ್ತದೆ.

ಸ್ಪ್ರಿಂಗ್ ಮಾಡುವ ಕೆಲಸ

ಕೈಬಿಟ್ಟಾಗ ಕೋಲು ನಡುವಿಗೆ ಮರಳಬೇಕು. ಎದುರುಬದುರಾಗಿ ಎಳೆಯುವ ಎರಡು ಸ್ಪ್ರಿಂಗ್‌ಗಳನ್ನು ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಇದರಲ್ಲಿ ಒಂದು ತೊಡಕಿದೆ: ನಡುವಿನಲ್ಲಿ ಎರಡೂ ಎಳೆತಗಳು ಸರಿಸಮವಾಗಿ ಒಟ್ಟು ಬಲ ಸೊನ್ನೆಯಾಗುತ್ತದೆ, ನಡುವಿನಿಂದ ದೂರ ಹೋದಷ್ಟೂ ಅದು ಬೆಳೆಯುತ್ತದೆ. ಹೀಗಾಗಿ ಕೋಲು ಮರಳಿ ಬರುತ್ತಾ ನಡುವನ್ನು ಸಮೀಪಿಸಿದಾಗ ಸ್ಪ್ರಿಂಗ್‌ನ ಬಲವು ಬೇರಿಂಗ್‌ನ ಘರ್ಷಣೆಗಿಂತ ಕಡಿಮೆಯಾಗಿಬಿಡುತ್ತದೆ, ಕೋಲು ಅಲ್ಲೇ ನಿಲ್ಲುತ್ತದೆ. ಬಲಗಡೆಯಿಂದ ಬಂದರೆ ಸ್ವಲ್ಪ ಬಲಗಡೆಗೆ, ಎಡಗಡೆಯಿಂದ ಬಂದರೆ ಸ್ವಲ್ಪ ಎಡಗಡೆಗೆ. ಇದಕ್ಕೆ ಪರಿಹಾರವೆಂದು ಕ್ಯಾಮ್ (ಅಂಚಿಗೆ ಬೇಕಾದ ಆಕಾರ ಕೊಟ್ಟ ಫಲಕ) ಮತ್ತು ಉರುಳೆಯನ್ನು ಬಳಸುವವರಿದ್ದಾರೆ. ಸ್ಪ್ರಿಂಗ್ ಒಂದು ಉರುಳೆಯನ್ನು ‘ವಿ’ ಆಕಾರದ ತಗ್ಗಿನೊಳಗೆ ಒತ್ತಿ ಹಿಡಿಯುತ್ತದೆ, ಕೋಲು ಬಂದು ಖಚಿತವಾಗಿ ನಡುವಿನಲ್ಲೇ ಕೂರುತ್ತದೆ. ಆದರೆ ಆಗ ನಡುವನ್ನು ದಾಟುವಾಗಲೆಲ್ಲ ಕೈಗೆ ಒಂದು ಮೆಟ್ಟಿಲು ಸಿಕ್ಕಂತಾಗುತ್ತದೆ, ಮೃದುವಾಗಿ ತಿದ್ದಬೇಕಾದಲ್ಲಿ ಕೈ ಎಗರುತ್ತದೆ. ‘ವಿ’ ಆಕಾರದ ತಳವನ್ನು ಅರದಿಂದ ಉಜ್ಜಿ ತುಸು ದುಂಡಗೆ ಮಾಡಿಕೊಂಡರೆ ಎರಡರ ನಡುವಿನ ಹದ ಸಿಗುತ್ತದೆ. ಎಷ್ಟು ದುಂಡಗೆ ಎಂಬುದಕ್ಕೆ ಸೂತ್ರವಿಲ್ಲ, ಸ್ವಲ್ಪ ಉಜ್ಜಿ, ಹಾರಿಸಿ ನೋಡಿ, ಮತ್ತೆ ಉಜ್ಜಬೇಕು.

ಕೈಗೆ ಬಲದ ಜೊತೆ ಚಲನೆಯೂ ಬೇಕೆಂಬುದಕ್ಕೆ ಎಫ್-16 ಯುದ್ಧವಿಮಾನ ಒಳ್ಳೆಯ ನಿದರ್ಶನ. ಅದರ ಪಕ್ಕದ ಕೋಲು ಮೊದಲು ಕದಲುತ್ತಲೇ ಇರಲಿಲ್ಲ, ಕೈಯ ಒತ್ತಡವನ್ನಷ್ಟೇ ಅಳೆಯುತ್ತಿತ್ತು; ಬಳಿಕ ಅದಕ್ಕೆ ಅತಿ ಸ್ವಲ್ಪ ಚಲನೆಯನ್ನು ಸೇರಿಸಲಾಯಿತು. ಹೆಲಿಕಾಪ್ಟರ್ ಹಾರಿಸಲು ಇಷ್ಟಪಡುವವರು ಮಾತ್ರ ಸ್ಪ್ರಿಂಗ್ ಅನ್ನು ತೆಗೆದು, ಹಗುರವಾದ ಘರ್ಷಣೆಯೊಂದನ್ನೇ ಉಳಿಸಿಕೊಳ್ಳಬಹುದು.

ಕೋನವನ್ನು ಅಳೆಯುವುದು

ಪೊಟೆನ್ಶಿಯೋಮೀಟರ್ ಎಂದರೆ ಒಂದು ಪ್ರತಿರೋಧದ ಪಟ್ಟಿ ಮತ್ತು ಅದರ ಮೇಲೆ ಜಾರುವ ಒಂದು ಸಂಪರ್ಕ. ಪಟ್ಟಿಯ ಒಂದು ತುದಿಗೆ 5 ವೋಲ್ಟ್, ಇನ್ನೊಂದಕ್ಕೆ ಗ್ರೌಂಡ್ ಕೊಟ್ಟರೆ ನಡುವಿನ ಪಿನ್‌ನಲ್ಲಿ ಕೋನಕ್ಕೆ ತಕ್ಕ ವೋಲ್ಟೇಜ್ ಸಿಗುತ್ತದೆ. ತುದಿಗಳು ಅದಲುಬದಲಾದರೆ ದಿಕ್ಕು ತಿರುವುಮುರುವಾಗುತ್ತದೆ, ಅಷ್ಟೇ; ಆದರೆ ನಡುವಿನ ಪಿನ್‌ಗೆ ತಪ್ಪಿ 5 ವೋಲ್ಟ್ ಕೊಟ್ಟರೆ ಗ್ರೌಂಡ್ ಇರುವ ತುದಿಗೆ ತಿರುಗಿಸಿದಾಗ ನೇರ ಶಾರ್ಟ್ ಆಗುತ್ತದೆ, ಪಟ್ಟಿ ಸುಟ್ಟುಹೋಗಬಹುದು. ಕೊಳ್ಳುವಾಗ ಲೀನಿಯರ್ ಮಾದರಿಯದೇ ಬೇಕೆಂದು ಕೇಳಬೇಕು. ಧ್ವನಿ ಹೆಚ್ಚು ಕಡಿಮೆ ಮಾಡಲು ಬಳಸುವ ಲಾಗರಿದಮಿಕ್ ಮಾದರಿಯಲ್ಲಿ ಕೋನಕ್ಕೂ ವೋಲ್ಟೇಜ್‌ಗೂ ಸಮ ಅನುಪಾತವಿರುವುದಿಲ್ಲ.

ಮೌಲ್ಯ 10 ಕಿಲೋಓಮ್ ಇರಲಿ ಎನ್ನುವುದಕ್ಕೂ ಕಾರಣವಿದೆ. ಸೆನ್ಸರ್‌ಗಳನ್ನು ಓದಿ ಕಂಪ್ಯೂಟರ್‌ಗೆ ತಿಳಿಸುವ ಆರ್ಡುಯಿನೋ ಲಿಯೊನಾರ್ಡೊ ಮತ್ತು ಪ್ರೊ ಮೈಕ್ರೊ ಎಂಬ ಸಣ್ಣ ಬೋರ್ಡ್‌ಗಳಲ್ಲಿರುವ ಎಟಿಮೆಗಾ32ಯು4 ಚಿಪ್‌ನ ಅನಲಾಗ್ (ವೋಲ್ಟೇಜ್ ಅಳೆಯುವ) ಪಿನ್‌ಗೆ ಸುಮಾರು 10 ಕಿಲೋಓಮ್‌ಗಿಂತ ಕಡಿಮೆ ಪ್ರತಿರೋಧದ ಮೂಲದಿಂದ ಸಂಕೇತ ಬರಬೇಕು. 10 ಕಿಲೋಓಮ್ ಪೊಟೆನ್ಶಿಯೋಮೀಟರ್ ನಡುವಿನಲ್ಲಿದ್ದಾಗ ಆ ಮೂಲಪ್ರತಿರೋಧ 2.5 ಕಿಲೋಓಮ್ ಮಾತ್ರ. ಹಳೆಯ 15 ಪಿನ್‌ನ ಗೇಮ್‌ಪೋರ್ಟ್ ಜಾಯ್‌ಸ್ಟಿಕ್‌ಗಳಲ್ಲಿ ಸಾಮಾನ್ಯವಾಗಿ 100 ಕಿಲೋಓಮ್‌ನವು ಇರುತ್ತಿದ್ದವು, ಏಕೆಂದರೆ ಅಲ್ಲಿ ಅಳೆಯುತ್ತಿದ್ದುದು ವೋಲ್ಟೇಜನ್ನಲ್ಲ, ಒಂದು ಕೆಪಾಸಿಟರ್ ಚಾರ್ಜ್ ಆಗಲು ತೆಗೆದುಕೊಳ್ಳುವ ಸಮಯವನ್ನು. ಅವನ್ನು ಕಿತ್ತು ಹಾಗೆಯೇ ಇಲ್ಲಿಗೆ ಜೋಡಿಸಿದರೆ ನಡುವಿನಲ್ಲಿ 25 ಕಿಲೋಓಮ್ ಆಗಿ, ಒಂದು ಅಕ್ಷದ ಓದು ಪಕ್ಕದ ಅಕ್ಷದ ಓದಿನೊಳಗೆ ಬೆರೆಯುತ್ತದೆ.

ಇನ್ನು ಮುಖ್ಯವಾದ ಲೆಕ್ಕ. ಪೊಟೆನ್ಶಿಯೋಮೀಟರ್ ಒಟ್ಟು 300 ಡಿಗ್ರಿ ತಿರುಗುತ್ತದೆಂದುಕೊಳ್ಳೋಣ. 10 ಬಿಟ್‌ನ ಅಳತೆಯಲ್ಲಿ ಅದು 1024 ಮೆಟ್ಟಿಲುಗಳಾಗುತ್ತದೆ. ನಮ್ಮ ಕೋಲು ತಿರುಗುವುದು 40 ಡಿಗ್ರಿ ಮಾತ್ರ, ಅಂದರೆ ಕೈಗೆ ಬರುವುದು ಸುಮಾರು 136 ಮೆಟ್ಟಿಲುಗಳು. ಗಿಯರ್ ಹಾಕಿ ಐದು ಪಟ್ಟು ತಿರುಗಿಸಿದರೆ 680 ಮೆಟ್ಟಿಲುಗಳು ಸಿಗುತ್ತವೆ ನಿಜ, ಆದರೆ ಗಿಯರ್ ಹಲ್ಲುಗಳ ನಡುವಿನ ಸಡಿಲ ಕೂಡ ಜೊತೆಗೇ ಬರುತ್ತದೆ, ಮತ್ತು ಅದು ತನ್ನನ್ನು ತೋರಿಸಿಕೊಳ್ಳುವುದು ದಿಕ್ಕು ಬದಲಾಗುವಲ್ಲಿ, ಅಂದರೆ ಮತ್ತೆ ನಡುಬಿಂದುವಿನ ಆಸುಪಾಸಿನಲ್ಲಿ. ಹೀಗಾಗಿ ಗಿಯರ್‌ಗಿಂತ ಆಯಸ್ಕಾಂತದ ಸೆನ್ಸರ್ ಮೇಲು. ವಿದ್ಯುತ್ ಹರಿಯುವ ವಾಹಕಕ್ಕೆ ಆಯಸ್ಕಾಂತ ಹಿಡಿದರೆ ಅದರ ಅಡ್ಡಕ್ಕೆ ವೋಲ್ಟೇಜ್ ಹುಟ್ಟುತ್ತದೆಂದು ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಬಳಸುವ ಈ ಸೆನ್ಸರ್‌ಗಳಲ್ಲಿ ಉಜ್ಜುವ ಭಾಗವೇ ಇಲ್ಲ, ಸವೆಯುವುದೂ ಇಲ್ಲ. ಎಎಸ್5600 ಎಂಬ ಚಿಪ್ ದಂಡದ ತುದಿಗೆ ಅಂಟಿಸಿದ ಆಯಸ್ಕಾಂತದ ಕೋನವನ್ನು ಪೂರ್ಣ ಸುತ್ತಿಗೆ 4096 ಮೆಟ್ಟಿಲುಗಳಲ್ಲಿ ಹೇಳುತ್ತದೆ. 40 ಡಿಗ್ರಿಗೆ 455 ಮೆಟ್ಟಿಲುಗಳು. ಆಯಸ್ಕಾಂತದ ಧ್ರುವಗಳು ಬಿಲ್ಲೆಯ ಮೇಲೆ ಕೆಳಗೆ ಇರದೆ, ವ್ಯಾಸದ ಎರಡು ಬದಿಗಳಲ್ಲಿರಬೇಕು ಎಂಬುದನ್ನು ಮರೆಯಬಾರದು. ಇನ್ನೊಂದು ಮಾತು, ಎರಡು ತಂತಿಗಳ ಐ2ಸಿ ಸಂಪರ್ಕದಲ್ಲಿ ಈ ಚಿಪ್‌ನ ವಿಳಾಸ ಬದಲಾಗುವುದಿಲ್ಲವಾದ್ದರಿಂದ ಎರಡು ಅಕ್ಷಗಳ ಎರಡು ಚಿಪ್‌ಗಳನ್ನು ಒಂದೇ ಜೋಡಿ ತಂತಿಗೆ ಹಾಕಲಾಗದು. ಒಂದೋ ತಂತಿಗಳನ್ನು ಸರದಿಯಂತೆ ಒಂದೊಂದು ಚಿಪ್‌ಗೆ ಜೋಡಿಸುವ ಮಲ್ಟಿಪ್ಲೆಕ್ಸರ್ ಬೇಕು, ಇಲ್ಲವೇ ಕೋನವನ್ನು ವೋಲ್ಟೇಜ್ ಆಗಿ ಕೊಡುವ ಚಿಪ್‌ನ ಅನಲಾಗ್ ಪಿನ್ ಬಳಸಬೇಕು.

ಪ್ರೋಗ್ರಾಂ ಮತ್ತು ಬಟನ್‌ಗಳು

ಎಟಿಮೆಗಾ32ಯು4 ಅನ್ನು ಆರಿಸಿಕೊಳ್ಳಲು ಕಾರಣ ಅದರೊಳಗೇ ಯುಎಸ್‌ಬಿ ಇರುವುದು. ಬೇರೆ ಡ್ರೈವರ್ ಇಲ್ಲದೆಯೇ ಕಂಪ್ಯೂಟರ್ ಅದನ್ನು ಗೇಮ್ ಕಂಟ್ರೋಲರ್ ಎಂದು ಗುರುತಿಸುತ್ತದೆ. ಆರ್ಡುಯಿನೋ ಊನೋದ ಆರ್3 ವರೆಗಿನ ಮಾದರಿಗಳ ಮುಖ್ಯ ಚಿಪ್‌ನಲ್ಲಿ ಈ ಸೌಲಭ್ಯವಿಲ್ಲ. ಸ್ವತಃ ಕೋಡ್ ಬರೆಯಲು ಇಷ್ಟವಿಲ್ಲದವರಿಗೆ ಎಟಿಮೆಗಾಗೆ ಎಂಎಂಜಾಯ್2, ಎಸ್‌ಟಿಎಂ32ಎಫ್103 ಚಿಪ್‌ಗೆ ಫ್ರೀಜಾಯ್ ಎಂಬ ಸಿದ್ಧ ಫರ್ಮ್‌ವೇರ್‌ಗಳು, ಅಂದರೆ ಚಿಪ್‌ನೊಳಗೆ ಹಾಕುವ ಪ್ರೋಗ್ರಾಂಗಳು ಇವೆ. ಎರಡನೆಯ ಚಿಪ್ 12 ಬಿಟ್‌ನಲ್ಲಿ ಅಳೆಯುತ್ತದೆ.

ಸ್ವತಃ ಬರೆಯುವವರು ಒಂದು ಬಲೆಯನ್ನು ತಿಳಿದಿರಬೇಕು. ಓದುಗಳ ನಡುಕವನ್ನು ತಗ್ಗಿಸಲು ‘ಹೊಸ ಮೌಲ್ಯವೆಂದರೆ ಹಳೆಯದಕ್ಕೆ ವ್ಯತ್ಯಾಸದ ಎಂಟನೇ ಒಂದು ಭಾಗ ಸೇರಿಸಿದ್ದು’ ಎಂಬ ಸರಳ ಫಿಲ್ಟರ್ ಬಳಸುವುದು ವಾಡಿಕೆ. ಇದನ್ನು ಪೂರ್ಣಾಂಕಗಳಲ್ಲಿ ಬರೆದರೆ, ವ್ಯತ್ಯಾಸ 8ಕ್ಕಿಂತ ಕಡಿಮೆಯಾದ ಕೂಡಲೇ ಭಾಗಾಕಾರದ ಉತ್ತರ ಸೊನ್ನೆಯಾಗಿ, ಮೌಲ್ಯವು ಗುರಿಯಿಂದ 7 ಮೆಟ್ಟಿಲು ದೂರದಲ್ಲೇ ನಿಂತುಬಿಡಬಹುದು. 136 ಮೆಟ್ಟಿಲುಗಳ ಕೋಲಿನಲ್ಲಿ 7 ಮೆಟ್ಟಿಲುಗಳೆಂದರೆ ಎರಡು ಡಿಗ್ರಿ. ಯಂತ್ರಭಾಗದಲ್ಲಿ ಕಷ್ಟಪಟ್ಟು ತೆಗೆದ ಸಡಿಲವನ್ನು ಒಂದು ಸಾಲಿನ ಕೋಡ್ ಮರಳಿ ತಂದಿರುತ್ತದೆ, ನಾವು ಸ್ಪ್ರಿಂಗ್ ಅನ್ನು ದೂರುತ್ತಾ ಕೂತಿರುತ್ತೇವೆ. ಹಳೆಯ ಮೌಲ್ಯವನ್ನು 16ರಿಂದ ಗುಣಿಸಿ ಇಟ್ಟುಕೊಂಡು ಕೊನೆಯಲ್ಲಿ ಭಾಗಿಸಿದರೆ ಈ ತೊಂದರೆ ನೀಗುತ್ತದೆ.

ಕ್ಯಾಲಿಬ್ರೇಶನ್‌ನಲ್ಲಿ, ಅಂದರೆ ಸೆನ್ಸರ್‌ನ ಓದನ್ನು ಕೋಲಿನ ಸ್ಥಾನಕ್ಕೆ ಹೊಂದಿಸುವಾಗ, ಎರಡು ತುದಿಗಳ ಜೊತೆಗೆ ನಡುವನ್ನೂ ಪ್ರತ್ಯೇಕವಾಗಿ ಅಳೆದಿಡಬೇಕು. ಒಂದು ತುದಿ 438, ಇನ್ನೊಂದು 574 ಆಗಿದ್ದರೆ ಗಣಿತದ ನಡು 506. ಆದರೆ ಕೋಲು ನಿಜವಾಗಿ ನಿಲ್ಲುವುದು 509ರಲ್ಲಿರಬಹುದು. ಆಗ ನಡುವಿನಿಂದ ಎಡಕ್ಕೆ ಒಂದು ಅನುಪಾತ, ಬಲಕ್ಕೆ ಇನ್ನೊಂದು ಅನುಪಾತ ಎಂದು ಎರಡು ಗೆರೆಗಳಲ್ಲಿ ಲೆಕ್ಕ ಹಾಕಬೇಕು. ಡೆಡ್‌ಝೋನ್ (ನಡುವಿನ ಸುತ್ತ ಚಲನೆಯನ್ನು ಲೆಕ್ಕಿಸದೆ ಬಿಡುವ ಭಾಗ) ಎಷ್ಟು ಬೇಕೋ ಅಷ್ಟೇ ಇರಲಿ, ಅದರ ಅಂಚಿನಿಂದ ಮೌಲ್ಯವು ಸೊನ್ನೆಯಿಂದಲೇ ಶುರುವಾಗುವಂತೆ ಬರೆಯಿರಿ; ಇಲ್ಲವಾದರೆ ಅಂಚು ದಾಟಿದ ಕ್ಷಣ ವಿಮಾನ ಒಮ್ಮೆಲೇ ಜಿಗಿಯುತ್ತದೆ.

ಬಟನ್‌ಗಳ ವಿಷಯ ಸುಲಭ. ನಾಲ್ಕು ಸಾಲು ನಾಲ್ಕು ಕಂಬದ ಮ್ಯಾಟ್ರಿಕ್ಸ್‌ನಲ್ಲಿ 8 ಪಿನ್‌ಗಳಿಂದ 16 ಬಟನ್‌ಗಳನ್ನು ಓದಬಹುದು. ಚೌಕದ ಮೂರು ಮೂಲೆಗಳ ಬಟನ್‌ಗಳನ್ನು ಒಟ್ಟಿಗೆ ಒತ್ತಿದಾಗ ನಾಲ್ಕನೆಯದೂ ಒತ್ತಿದಂತೆ ಕಾಣುವುದರಿಂದ, ಪ್ರತಿ ಬಟನ್‌ಗೂ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4148 ಡಯೋಡ್ ಒಂದನ್ನು ಬೆಸೆಯಬೇಕು. ಸಂಪರ್ಕದ ಕಂಪನ ಅಡಗಲು 10ರಿಂದ 20 ಮಿಲಿಸೆಕೆಂಡ್ ಕಾದರೆ ಸಾಕು.

ಪರೀಕ್ಷೆ

ಎಲ್ಲವನ್ನೂ ಜೋಡಿಸಿದ ಮೇಲೆ ಸಿಮ್ಯುಲೇಟರ್ ತೆರೆಯುವ ಮೊದಲು, ಡೆಡ್‌ಝೋನ್ ಅನ್ನು ಸೊನ್ನೆಗಿಟ್ಟು ಹೀಗೆ ಮಾಡಿ ನೋಡಿ. ಕೋಲನ್ನು ಬಲಕ್ಕೆ ಪೂರ್ತಿ ವಾಲಿಸಿ, ಕೈಯಲ್ಲೇ ಹಿಡಿದು ನಿಧಾನವಾಗಿ ನಡುವಿಗೆ ತಂದು ಬಿಟ್ಟು, ಕಂಡ ಸಂಖ್ಯೆಯನ್ನು ಬರೆದುಕೊಳ್ಳಿ. ಎಡದಿಂದಲೂ ಹಾಗೆಯೇ ತನ್ನಿ. ಎರಡನ್ನೂ ಹತ್ತು ಹತ್ತು ಬಾರಿ ಮಾಡಿ. ಎರಡು ಸರಾಸರಿಗಳ ವ್ಯತ್ಯಾಸವೇ ಸಡಿಲ ಮತ್ತು ಘರ್ಷಣೆಗಳ ಒಟ್ಟು ಮೊತ್ತ. ನನ್ನ ಮೊದಲ ಕೋಲಿನಲ್ಲಿ ಅದು 9 ಮೆಟ್ಟಿಲುಗಳಷ್ಟಿತ್ತು. ತೋಳು ಮತ್ತು ಪಿನ್ನನ್ನು ತೆಗೆದ ದಿನ 4ಕ್ಕೆ ಇಳಿಯಿತು. ಉಳಿದದ್ದು ಘರ್ಷಣೆಯದೇ ಇರಬೇಕೆಂದು ಹುಡುಕಿದಾಗ, ಹೊರ ಚೌಕಟ್ಟಿನ ಒಂದು ಬೇರಿಂಗ್ ಕೂದಲೆಳೆಯಷ್ಟು ಓರೆಯಾಗಿ ಕೂತು ಬಿಗಿಯಾಗಿದ್ದುದು ಕಂಡಿತು. ಅದರ ರಂಧ್ರವನ್ನು ಸರಿಪಡಿಸಿ, ತುಸು ಗಟ್ಟಿಯಾದ ಸ್ಪ್ರಿಂಗ್ ಹಾಕಿದ ಮೇಲೆ ವ್ಯತ್ಯಾಸ ಒಂದಕ್ಕೆ ಬಂದು ನಿಂತಿತು. ಆ ಸಂಜೆ ಇಳಿಯುವಾಗ ರೆಕ್ಕೆಗಳು ಮೊದಲಿನಂತೆ ಅತ್ತಿತ್ತ ಓಲಾಡಲಿಲ್ಲ.